ರಕ್ತಹೀನತೆಯ ಸಮೀಕ್ಷೆಗೆ 384 ಮಹಿಳೆಯರು ಸಾಕೇ, 6,000 ಮಂದಿ ಬೇಕೇ?

ಪ್ರಶ್ನೆ: ಬಯಲುಸೀಮೆಯ ವಿದ್ಯಾರ್ಥಿನಿ

ನಾನು ಸಮುದಾಯ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನ ಹಳ್ಳಿಗಳಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಎಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅಂದಾಜು ಮಾಡುವುದು ನನ್ನ ಪ್ರಬಂಧದ ವಿಷಯ. ಗರ್ಭಿಣಿಯರನ್ನು ಬಿಟ್ಟು, ಹಿಮೋಗ್ಲೋಬಿನ್ ಪ್ರಮಾಣ ಪ್ರತಿ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಇದ್ದವರನ್ನು ರಕ್ತಹೀನತೆ ಉಳ್ಳವರೆಂದು ಲೆಕ್ಕ ಹಿಡಿಯುತ್ತೇನೆ. ಈ ವಯಸ್ಸಿನವರು ಸುಮಾರು 60,000 ಮಂದಿ ಇದ್ದಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಈ ಪ್ರಮಾಣ ಶೇ 47.8ರಷ್ಟಿತ್ತು.

ಮಾದರಿಯ ಗಾತ್ರದ ವಿಷಯದಲ್ಲಿ ನನಗೆ ಮೂರು ಬೇರೆ ಬೇರೆ ಉತ್ತರಗಳು ದೊರೆತಿವೆ. ಜನಸಂಖ್ಯೆಯ ಶೇ 10ರಷ್ಟನ್ನು ನೋಡಲೇಬೇಕು, ಅಂದರೆ 6,000 ಮಂದಿ ಬೇಕು ಎಂದು ಒಬ್ಬ ಹಿರಿಯರು ಹೇಳಿದರು. ಜಾಲತಾಣಗಳ ಲೆಕ್ಕಯಂತ್ರಗಳು 384 ಎನ್ನುತ್ತವೆ. ಹಿಂದಿನ ವರ್ಷದ ಒಂದು ಪ್ರಬಂಧದಲ್ಲಿ ಸ್ಲೋವಿನ್ ಸೂತ್ರ ಎಂದು ಬರೆದು 398 ಎಂದು ತೋರಿಸಿದ್ದಾರೆ. ಇವುಗಳಲ್ಲಿ ಯಾವುದನ್ನು ನಂಬಲಿ?

ಸದ್ಯದ ನನ್ನ ಯೋಜನೆ ಹೀಗಿದೆ: ತಾಲ್ಲೂಕನ್ನು ಚೆನ್ನಾಗಿ ಪ್ರತಿನಿಧಿಸುವಂತಹ 8 ಹಳ್ಳಿಗಳನ್ನು ಆರಿಸಿಕೊಂಡು, ಆಶಾ ಕಾರ್ಯಕರ್ತೆಯರ ನೆರವಿನಿಂದ ಒಂದೊಂದರಲ್ಲೂ 48 ಮಹಿಳೆಯರ ಬೆರಳಿನಿಂದ ರಕ್ತದ ಹನಿ ತೆಗೆದು ಪರೀಕ್ಷಿಸುವುದು. ಒಟ್ಟು 384 ಆಗುತ್ತದೆ. ಸರಾಸರಿ ಹಿಮೋಗ್ಲೋಬಿನ್ ಮಟ್ಟವನ್ನೂ ಅಂದಾಜು ಮಾಡುವ ಉದ್ದೇಶವಿದೆ. ಪೂರ್ವಭಾವಿಯಾಗಿ 25 ಮಂದಿಯನ್ನು ಪರೀಕ್ಷಿಸಿದಾಗ ಸರಾಸರಿ 11.4, ಮಾನಕ ವಿಚಲನೆ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 1.5 ಬಂದಿದೆ. ಕೊನೆಯದಾಗಿ, ಶೇ 95 ವಿಶ್ವಾಸಾಂತರ ಎಂದರೆ ನಿಜವಾದ ಪ್ರಮಾಣ ಆ ಎರಡು ಅಂಕಿಗಳ ನಡುವೆ ಇರುವ ಸಂಭವನೀಯತೆ ಶೇ 95 ಎಂದು ಬರೆಯಬಹುದೇ?

ಉತ್ತರ 1: ಸಂಖ್ಯಾಶಾಸ್ತ್ರ ಬೋಧಕ

ಮೊದಲು ಶೇ 10ರ ನಿಯಮವನ್ನು ಬದಿಗಿಡೋಣ, ಏಕೆಂದರೆ ಅದಕ್ಕೆ ಯಾವ ಗಣಿತದ ಆಧಾರವೂ ಇಲ್ಲ. ಅಂದಾಜಿನ ನಿಖರತೆಯನ್ನು ನಿರ್ಧರಿಸುವುದು ಮುಖ್ಯವಾಗಿ ನಾವು ನೋಡಿದವರ ಸಂಖ್ಯೆಯೇ ಹೊರತು, ಒಟ್ಟು ಜನರಲ್ಲಿ ಅದು ಎಷ್ಟು ಪಾಲು ಎಂಬುದಲ್ಲ. ಮಹಿಳೆಯರನ್ನು ಸರಳ ಯಾದೃಚ್ಛಿಕವಾಗಿ, ಅಂದರೆ ಎಲ್ಲರಿಗೂ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿದ ಹಾಗೆ, ಆರಿಸಿದ್ದೇವೆ ಎಂದು ಇಟ್ಟುಕೊಂಡರೆ, 60,000ದಲ್ಲಿ 6,000 ಮಂದಿಯನ್ನು ನೋಡಿದಾಗ ದೋಷಮಿತಿ (ಅಂದಾಜಿನ ಎರಡೂ ಕಡೆ ಬಿಡಬೇಕಾದ ಅಂತರ) ಹೆಚ್ಚುಕಡಿಮೆ 1.2 ಶೇಕಡಾಂಶಕ್ಕೆ ಇಳಿಯುತ್ತದೆ, ಅಷ್ಟು ನಿಖರತೆ ನಿಮ್ಮ ಪ್ರಬಂಧಕ್ಕೆ ಬೇಕಿಲ್ಲ. ಅದೇ ನಿಯಮವನ್ನು 300 ಮಹಿಳೆಯರಿರುವ ಒಂದು ಹಳ್ಳಿಗೆ ಅನ್ವಯಿಸಿ 30 ಮಂದಿಯನ್ನು ನೋಡಿದರೆ ದೋಷಮಿತಿ ಎರಡೂ ಕಡೆ 17 ಶೇಕಡಾಂಶ ಆಗುತ್ತದೆ, ಅದು ಯಾವ ಕೆಲಸಕ್ಕೂ ಬಾರದು. ಒಂದೇ ನಿಯಮ ಒಂದು ಕಡೆ ಹಣ ಪೋಲು ಮಾಡಿಸುತ್ತದೆ, ಇನ್ನೊಂದು ಕಡೆ ಫಲಿತಾಂಶವನ್ನು ಹಾಳು ಮಾಡುತ್ತದೆ.

384 ಎಲ್ಲಿಂದ ಬರುತ್ತದೆ ಎಂಬುದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಅನುಪಾತದ ಮಾನಕ ದೋಷ ಎಂದರೆ, ಅನುಪಾತವನ್ನು ಒಂದರಿಂದ ಅದನ್ನು ಕಳೆದು ಉಳಿದದ್ದರಿಂದ ಗುಣಿಸಿ, ಮಾದರಿಯ ಗಾತ್ರದಿಂದ ಭಾಗಿಸಿ ತೆಗೆದ ವರ್ಗಮೂಲ. ಶೇ 95ಕ್ಕೆ ಇದನ್ನು 1.96ರಿಂದ ಗುಣಿಸುತ್ತೇವೆ. ಆ ಗುಣಲಬ್ಧ 0.05 ಆಗಬೇಕು ಎಂಬ ಷರತ್ತನ್ನು ಇಟ್ಟು ತಿರುಗಿಸಿ ಬರೆದರೆ, ಬೇಕಾದ ಗಾತ್ರ = 1.96 × 1.96 × 0.48 × 0.52 ÷ (0.05 × 0.05), ಅಂದರೆ 384. ಅನುಪಾತ 0.5 ಆದಾಗ ಗುಣಲಬ್ಧ ಅತಿ ದೊಡ್ಡದು, ಆಗ 384.16 ಬರುತ್ತದೆ, ನಿಯಮದಂತೆ ಮೇಲಕ್ಕೆ ಏರಿಸಿದರೆ 385. ಏನೂ ಗೊತ್ತಿಲ್ಲದಿದ್ದಾಗ 0.5 ಎಂದು ಹಿಡಿಯುವುದು ಈ ಕಾರಣಕ್ಕೆ. ದೋಷಮಿತಿ ಅರ್ಧವಾಗಬೇಕಾದರೆ ಗಾತ್ರ ನಾಲ್ಕು ಪಟ್ಟಾಗಬೇಕು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ: 10 ಶೇಕಡಾಂಶಕ್ಕೆ 97 ಮಂದಿ ಸಾಕು, 5ಕ್ಕೆ 385, 3ಕ್ಕೆ 1,068, 2ಕ್ಕೆ 2,401. ಖರ್ಚು ಎಲ್ಲಿ ಏರತೊಡಗುತ್ತದೆ ಎಂಬುದನ್ನು ನೋಡಿದರೆ 5 ಎಂಬ ಅಂಕಿ ಏಕೆ ರೂಢಿಗೆ ಬಂತೆಂದು ಅರ್ಥವಾಗುತ್ತದೆ. ಅದು ಅನುಕೂಲದ ಅಂಕಿ, ಶಾಸ್ತ್ರದ ಅಂಕಿಯಲ್ಲ.

ಜನಸಂಖ್ಯೆಯ ಗಾತ್ರ ಎಲ್ಲಿಯೂ ಬಾರದೇ ಎಂದು ಕೇಳಬಹುದು. ಬರುತ್ತದೆ, ಆದರೆ ಸಣ್ಣ ತಿದ್ದುಪಡಿಯಾಗಿ. 60,000 ಎಂದು ಹಿಡಿದು ತಿದ್ದಿದರೆ 385ರ ಬದಲು 382 ಬರುತ್ತದೆ. ಸಮಷ್ಟಿಯಲ್ಲಿ ಬರೀ 2,000 ಮಂದಿ ಇದ್ದರೆ 323ಕ್ಕೆ ಇಳಿಯುತ್ತದೆ. ಇಡೀ ಕರ್ನಾಟಕಕ್ಕೆ ಒಂದೇ ಅಂದಾಜು ಸಾಕೆಂದರೆ ಅಲ್ಲಿಯೂ ಅದೇ 385. ತಾಲ್ಲೂಕಿಗೂ ರಾಜ್ಯಕ್ಕೂ ಒಂದೇ ಗಾತ್ರ ಎಂದರೆ ಕೇಳುವವರಿಗೆ ನಂಬಿಕೆ ಬರುವುದಿಲ್ಲ, ಆದರೆ ಲೆಕ್ಕ ಹಾಗೆಯೇ ಇದೆ.

ಸ್ಲೋವಿನ್ ಸೂತ್ರ ಎಂದು ಕರೆಯುವುದು ಬೇರೆ ಸೂತ್ರವೇನೂ ಅಲ್ಲ. 1.96ರ ಬದಲು 2, ಅನುಪಾತಕ್ಕೆ 0.5 ಹಾಕಿ, ಜನಸಂಖ್ಯೆಯ ತಿದ್ದುಪಡಿಯನ್ನೂ ಸೇರಿಸಿದರೆ ಅದೇ ಸಿಗುತ್ತದೆ; 60,000ಕ್ಕೆ 398. ಈ ಊಹೆಗಳು ಸೂತ್ರದೊಳಗೆ ಅಡಗಿ ಕುಳಿತಿರುವುದರಿಂದ, ಸರಾಸರಿಯ ಅಂದಾಜಿಗೂ ಇದನ್ನೇ ಬಳಸಿದ ಪ್ರಬಂಧಗಳು ಬೇಕಾದಷ್ಟು ಸಿಗುತ್ತವೆ. ಅಲ್ಲಿ ಅದಕ್ಕೆ ಅರ್ಥವೇ ಇಲ್ಲ. ಪರೀಕ್ಷಕರು ಕೇಳಿದಾಗ ವಿವರಿಸಲು ಸಾಧ್ಯವಾಗುವ ಸೂತ್ರವನ್ನೇ ಬಳಸಿ.

ಇನ್ನು ಶೇ 95ರ ಅರ್ಥ. ತಾಲ್ಲೂಕಿನ ನಿಜವಾದ ಪ್ರಮಾಣ ಒಂದು ಸ್ಥಿರ ಸಂಖ್ಯೆ, ನಮಗೆ ಗೊತ್ತಿಲ್ಲ ಅಷ್ಟೆ. ಮಾದರಿಯಿಂದ ಮಾದರಿಗೆ ಬದಲಾಗುವುದು ನಾವು ಕಟ್ಟುವ ಅಂತರ. ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಮನ್ 1937ರಲ್ಲಿ ಈ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದಾಗ ಸಂಭವನೀಯತೆಯನ್ನು ಇಟ್ಟದ್ದು ವಿಧಾನದ ಮೇಲೆ, ಒಂದು ನಿರ್ದಿಷ್ಟ ಫಲಿತಾಂಶದ ಮೇಲಲ್ಲ: ಇದೇ ರೀತಿ ಮತ್ತೆ ಮತ್ತೆ ಮಾದರಿ ತೆಗೆದು ಅಂತರ ಕಟ್ಟುತ್ತಾ ಹೋದರೆ, ದೀರ್ಘಕಾಲದಲ್ಲಿ ನೂರಕ್ಕೆ 95ರಷ್ಟು ಅಂತರಗಳು ನಿಜವಾದ ಪ್ರಮಾಣವನ್ನು ಒಳಗೊಂಡಿರುತ್ತವೆ. ನಿಮಗೆ ಸಿಕ್ಕಿದ ಒಂದು ಅಂತರ, ಉದಾಹರಣೆಗೆ 43ರಿಂದ 53, ಅದನ್ನು ಒಳಗೊಂಡಿದೆ ಅಥವಾ ಒಳಗೊಂಡಿಲ್ಲ. ನೀವು ಬರೆಯಹೊರಟ ವಾಕ್ಯವನ್ನು ಬೇಯ್ಸ್ ಮಾರ್ಗದಲ್ಲಿ, ಪೂರ್ವಸಂಭವನೀಯತೆಯನ್ನು (ಮಾದರಿ ನೋಡುವ ಮೊದಲಿನ ಊಹೆಯನ್ನು) ಸ್ಪಷ್ಟವಾಗಿ ಹೇಳಿ, ಲೆಕ್ಕ ಮಾಡಿದವರು ಬರೆಯಬಹುದು. ಸ್ಪ್ರೆಡ್‌ಶೀಟಿನಲ್ಲಿ 0.48 ಸಂಭವನೀಯತೆಯಿಂದ 384 ಸೊನ್ನೆ–ಒಂದುಗಳನ್ನು ಉತ್ಪಾದಿಸಿ ಅಂತರ ಕಟ್ಟಿ, ಅದನ್ನೇ ಸಾವಿರ ಸಲ ಮಾಡಿಸಿ ನೋಡಿ. ಸುಮಾರು ಐವತ್ತು ಅಂತರಗಳು 48ನ್ನು ಬಿಟ್ಟು ಹೋಗುವುದನ್ನು ಕಂಡ ಮೇಲೆ ಇದರ ಅರ್ಥಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಉತ್ತರ 2: ಕ್ಷೇತ್ರ ಸಮೀಕ್ಷಕ

ಮೇಲಿನ ಉತ್ತರ ಸರಿಯಾಗಿದೆ, ಆದರೆ ಅದು ಸರಳ ಯಾದೃಚ್ಛಿಕ ಮಾದರಿಗೆ ಮಾತ್ರ ಸರಿ, ಮತ್ತು ನಿಮ್ಮ ಯೋಜನೆ ಅದಲ್ಲ. ನಿಮ್ಮ ನಿಜವಾದ ತೊಂದರೆ ಇರುವುದು 384ರಲ್ಲಿ ಅಲ್ಲ, 8ರಲ್ಲಿ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬ ಮಾತು ಪಾತ್ರೆಯೊಳಗೆ ಎಲ್ಲ ಅಗುಳೂ ಒಂದೇ ನೀರಿನಲ್ಲಿ ಬೆಂದಿರುವುದರಿಂದ ನಿಲ್ಲುತ್ತದೆ. ಹಳ್ಳಿಗಳು ಹಾಗಿರುವುದಿಲ್ಲ. ಒಂದೇ ಹಳ್ಳಿಯ ಮಹಿಳೆಯರು ಒಂದೇ ಬಗೆಯ ಆಹಾರ ತಿನ್ನುತ್ತಾರೆ, ಒಂದೇ ಉಪಕೇಂದ್ರದಿಂದ ಕಬ್ಬಿಣಾಂಶದ ಮಾತ್ರೆ ಪಡೆಯುತ್ತಾರೆ ಅಥವಾ ಪಡೆಯುವುದಿಲ್ಲ, ಒಂದೇ ಬಗೆಯ ಕೂಲಿ ಮಾಡುತ್ತಾರೆ. ಆದ್ದರಿಂದ ಮೊದಲ ಹತ್ತು ಮಂದಿಯನ್ನು ನೋಡಿದ ಮೇಲೆ ಅದೇ ಹಳ್ಳಿಯ ಹನ್ನೊಂದನೆಯವರು ಹೊಸದಾಗಿ ಹೇಳುವುದು ಕಡಿಮೆ. ಈ ಹೋಲಿಕೆಯ ಅಳತೆಗೆ ಗುಚ್ಛಾಂತರ್ಗತ ಸಹಸಂಬಂಧ ಎಂದು ಹೆಸರು (ಇಲ್ಲಿ ಗುಚ್ಛ ಎಂದರೆ ಹಳ್ಳಿ). ಅದರಿಂದ ಅಂದಾಜಿನ ಏರಿಳಿತ (ಮಾನಕ ದೋಷದ ವರ್ಗ) ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು ವಿನ್ಯಾಸ ಪರಿಣಾಮ. ಲೆಕ್ಕ ಸುಲಭ: ಪ್ರತಿ ಹಳ್ಳಿಯಲ್ಲಿ ನೋಡಿದವರ ಸಂಖ್ಯೆಯಲ್ಲಿ ಒಂದನ್ನು ಕಳೆದು, ಸಹಸಂಬಂಧದಿಂದ ಗುಣಿಸಿ, ಒಂದನ್ನು ಕೂಡಿಸಿದರೆ ಆಯಿತು.

ಸಹಸಂಬಂಧವನ್ನು 0.05 ಎಂದು ಇಟ್ಟುಕೊಳ್ಳೋಣ. ನೋಡಲು ಇದು ತೀರಾ ಸಣ್ಣದು. 8 ಹಳ್ಳಿ, ತಲಾ 48 ಮಂದಿ ಎಂದರೆ ವಿನ್ಯಾಸ ಪರಿಣಾಮ 1 + 47 × 0.05 = 3.35. ನಿಮ್ಮ 384 ಮಂದಿ ಸುಮಾರು 115 ಮಂದಿಯ ಸರಳ ಯಾದೃಚ್ಛಿಕ ಮಾದರಿಗೆ ಸಮನಾಗುತ್ತಾರೆ, ದೋಷಮಿತಿ 5 ಅಲ್ಲ, 9.2 ಶೇಕಡಾಂಶ. ಅದೂ ಉದಾರವಾದ ಲೆಕ್ಕವೇ. ಗುಚ್ಛಗಳು ಎಂಟೇ ಇದ್ದಾಗ 1.96 ಬಳಸುವಂತಿಲ್ಲ, ಸಣ್ಣ ಮಾದರಿಗಳಿಗೆಂದು ಇರುವ ಟಿ ಕೋಷ್ಟಕದಿಂದ 7 ಸ್ವಾತಂತ್ರ್ಯಾಂಶದ (ಗುಚ್ಛಗಳ ಸಂಖ್ಯೆಗಿಂತ ಒಂದು ಕಡಿಮೆ) ಬೆಲೆ 2.365 ಬಳಸಬೇಕು, ಆಗ ದೋಷಮಿತಿ 11ಕ್ಕೆ ಏರುತ್ತದೆ. ಶೇ 48 ಎಂದು ಕಂಡರೆ ನೀವು ಹೇಳಬಹುದಾದದ್ದು 37ರಿಂದ 59ರೊಳಗೆ ಎಂದು ಮಾತ್ರ. ಅದೇ 384 ಮಂದಿಯನ್ನು 24 ಹಳ್ಳಿಗಳಲ್ಲಿ ತಲಾ 16ರಂತೆ ಹಂಚಿದರೆ ದೋಷಮಿತಿ 6.6ಕ್ಕೂ, 48 ಹಳ್ಳಿಗಳಲ್ಲಿ ತಲಾ 8ರಂತೆ ಹಂಚಿದರೆ 5.8ಕ್ಕೂ ಇಳಿಯುತ್ತದೆ. ಒಂದು ಪರೀಕ್ಷಾಪಟ್ಟಿಯ ಖರ್ಚೂ ಹೆಚ್ಚಾಗದೆ ನಿಖರತೆ ಸುಮಾರು ಎರಡು ಪಟ್ಟಾಯಿತು. ಹೆಚ್ಚುವುದು ಬಸ್ಸಿನ ಖರ್ಚು ಮತ್ತು ನಡೆಯುವ ದೂರ.

ಇನ್ನು "ತಾಲ್ಲೂಕನ್ನು ಚೆನ್ನಾಗಿ ಪ್ರತಿನಿಧಿಸುವ" ಹಳ್ಳಿಗಳನ್ನು ನೀವೇ ಆರಿಸುವ ವಿಚಾರ. ದಯವಿಟ್ಟು ಇದನ್ನು ಬಿಡಿ. ಇದು ಹಳೆಯ ಆಸೆ, ಮತ್ತು ಅದಕ್ಕೆ ಉತ್ತರವೂ ಹಳೆಯದೇ. ಇಟಲಿಯ ಕೊರ‍್ರಾಡೊ ಗಿನಿ ಮತ್ತು ಲುಯಿಜಿ ಗಾಲ್ವಾನಿ 1921ರ ಜನಗಣತಿಯ ಕಾಗದಗಳಲ್ಲಿ ಒಂದು ಭಾಗವನ್ನು ಮಾತ್ರ ಉಳಿಸಿಕೊಳ್ಳಬೇಕಾಗಿ ಬಂದಾಗ, 214 ಆಡಳಿತ ವಿಭಾಗಗಳಲ್ಲಿ 29ನ್ನು ಬಹಳ ಯೋಚಿಸಿ ಆರಿಸಿದರು. ಏಳು ಲಕ್ಷಣಗಳ ಸರಾಸರಿಗಳು ಇಡೀ ದೇಶದ ಸರಾಸರಿಗಳಿಗೆ ಹತ್ತಿರವಿರುವಂತೆ ನೋಡಿಕೊಂಡಿದ್ದರು. ಹಾಗಿದ್ದೂ ಬೇರೆ ಲಕ್ಷಣಗಳನ್ನು, ಲಕ್ಷಣಗಳ ಹರವನ್ನು ಹೋಲಿಸಿದಾಗ ಆ ಮಾದರಿ ದೇಶಕ್ಕೆ ಹೊಂದಲಿಲ್ಲ. ನೇಮನ್ 1934ರಲ್ಲಿ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಇದನ್ನೇ ಉದಾಹರಣೆಯಾಗಿ ಹಿಡಿದು, ಉದ್ದೇಶಪೂರ್ವಕ ಆಯ್ಕೆಯ ಬದಲು ಯಾದೃಚ್ಛಿಕ ಆಯ್ಕೆ ಏಕೆ ಬೇಕೆಂದು ವಾದಿಸಿದರು. ಯಾದೃಚ್ಛಿಕವಾಗಿ ಆರಿಸದ ಮಾದರಿಗೂ ಸೂತ್ರದಲ್ಲಿ ಅಂಕಿ ಹಾಕಿದರೆ ವಿಶ್ವಾಸಾಂತರ ಬರುತ್ತದೆ, ಆದರೆ ಶೇ 95 ಎಂಬ ಭರವಸೆಗೆ ಹಿಂದೆ ಆಧಾರವೇ ಇರುವುದಿಲ್ಲ.

ಹಳ್ಳಿಗಳನ್ನು ಹೀಗೆ ಆರಿಸಿ. 2011ರ ಜನಗಣತಿಯ ಗ್ರಾಮಪಟ್ಟಿಯಲ್ಲಿ ಪ್ರತಿ ಹಳ್ಳಿಯ ಜನಸಂಖ್ಯೆಯನ್ನು ಬರೆದು, ಪಕ್ಕದಲ್ಲಿ ಕೂಡುತ್ತಾ ಹೋಗಿ. ಒಟ್ಟು ಮೊತ್ತವನ್ನು ಬೇಕಾದ ಹಳ್ಳಿಗಳ ಸಂಖ್ಯೆಯಿಂದ ಭಾಗಿಸಿದರೆ ಹೆಜ್ಜೆಯ ಅಂತರ ಸಿಗುತ್ತದೆ. ಅದರೊಳಗೆ ಒಂದು ಯಾದೃಚ್ಛಿಕ ಸಂಖ್ಯೆಯಿಂದ ಆರಂಭಿಸಿ, ಅಷ್ಟಷ್ಟೇ ಅಂತರ ಕೂಡಿಸುತ್ತಾ ಹೋಗಿ ಯಾವ ಹಳ್ಳಿಗಳ ಮೇಲೆ ಬೀಳುತ್ತದೋ ಅವನ್ನು ತೆಗೆದುಕೊಳ್ಳಿ. ದೊಡ್ಡ ಹಳ್ಳಿಗೆ ಹೆಚ್ಚು ಅವಕಾಶ, ಚಿಕ್ಕದಕ್ಕೆ ಕಡಿಮೆ. ಅನಂತರ ಪ್ರತಿ ಹಳ್ಳಿಯಲ್ಲೂ ಒಂದೇ ಸಂಖ್ಯೆಯ ಮಹಿಳೆಯರನ್ನು ಆರಿಸಿದರೆ ತಾಲ್ಲೂಕಿನ ಪ್ರತಿ ಮಹಿಳೆಗೂ ಹೆಚ್ಚುಕಡಿಮೆ ಸಮಾನ ಅವಕಾಶ ದೊರೆಯುತ್ತದೆ, ತೂಕ ಹಾಕುವ ಕೆಲಸ ತಪ್ಪುತ್ತದೆ.

ಹಳ್ಳಿಯೊಳಗಿನ ಆಯ್ಕೆಯಲ್ಲಿ ಇನ್ನೊಂದು ಗುಂಡಿ ಇದೆ. ಆಶಾ ಕಾರ್ಯಕರ್ತೆಯ ಬಳಿ ಸಿದ್ಧವಾಗಿರುವ ಅರ್ಹ ದಂಪತಿಗಳ ನೋಂದಣಿ ಪುಸ್ತಕವನ್ನೇ ಪಟ್ಟಿಯಾಗಿ ಬಳಸಿದರೆ, ಮದುವೆಯಾಗದ ಹೆಣ್ಣುಮಕ್ಕಳೂ ವಿಧವೆಯರೂ ಗಂಡನಿಂದ ಬೇರೆಯಾಗಿರುವವರೂ ಪಟ್ಟಿಯಲ್ಲೇ ಇರುವುದಿಲ್ಲ. 15ರಿಂದ 19ರ ವಯಸ್ಸಿನವರ ಬಹುಪಾಲು ಹೀಗೆ ಬಿಟ್ಟುಹೋಗುತ್ತದೆ. ಮನೆಪಟ್ಟಿಯನ್ನು ಹೊಸದಾಗಿ ಮಾಡಿಕೊಳ್ಳಿ, ಬೇಸರದ ಕೆಲಸ, ಆದರೆ ಮಾಡಲೇಬೇಕು. ಮನೆಗೆ ಒಬ್ಬರನ್ನೇ ಆರಿಸುವುದಾದರೆ ಆ ಮನೆಯಲ್ಲಿ ಅರ್ಹ ಮಹಿಳೆಯರು ಎಷ್ಟು ಮಂದಿ ಎಂಬುದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಮೂವರಿರುವ ಮನೆಯ ಒಬ್ಬಳಿಗೆ ಆಯ್ಕೆಯಾಗುವ ಅವಕಾಶ ಒಬ್ಬಳೇ ಇರುವ ಮನೆಯವಳಿಗಿಂತ ಮೂರನೆಯ ಒಂದು ಭಾಗ, ಅದನ್ನು ವಿಶ್ಲೇಷಣೆಯಲ್ಲಿ ಸರಿದೂಗಿಸಬೇಕು.

ಹಗಲು ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗುವವರು ಯಾರು, ಕೂಲಿಗೆ ಹೋದವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಸಿಗದವರಿಗೆ ಬದಲಾಗಿ ಪಕ್ಕದ ಮನೆಯವರನ್ನು ಹಿಡಿಯುವುದು ಸಾಮಾನ್ಯ ಅಭ್ಯಾಸ, ಆದರೆ ಅದರಿಂದ ಕೂಲಿಗೆ ಹೋಗುವವರು ಅಂದಾಜಿನಿಂದಲೇ ಹೊರಬೀಳುತ್ತಾರೆ. ಬೆಳಗಿನ ಜಾವ ಅಥವಾ ಸಂಜೆ ಮತ್ತೆ ಹೋಗಿ. ಮಾದರಿ ಎಷ್ಟೇ ದೊಡ್ಡದಾದರೂ ಈ ಬಗೆಯ ಓರೆ ಕರಗುವುದಿಲ್ಲ. ನಮ್ಮ ದೇಶದ ಬೆಳೆ ಕಟಾವು ಪ್ರಯೋಗಗಳಲ್ಲಿ ಇದು 1940ರ ದಶಕದಲ್ಲೇ ಸ್ಪಷ್ಟವಾಗಿತ್ತು: ತೀರಾ ಸಣ್ಣ ತುಂಡು ಜಾಗದಲ್ಲಿ ಕಟಾವು ಮಾಡಿದರೆ ಗಡಿಯ ಮೇಲಿನ ಗಿಡಗಳನ್ನು ಒಳಕ್ಕೆ ಸೇರಿಸಿಕೊಳ್ಳುವ ಪ್ರವೃತ್ತಿಯಿಂದ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ತೋರಿಸಿದರು. ಅಂತಹ ತುಂಡುಗಳನ್ನು ಸಾವಿರಾರು ಹೆಚ್ಚಿಸಿದರೆ ವಿಶ್ವಾಸಾಂತರ ಕಿರಿದಾಗುತ್ತದೆ, ಆದರೆ ತಪ್ಪು ಅಂಕಿಯ ಸುತ್ತ ಕಿರಿದಾಗುತ್ತದೆ.

ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು ಬಳಸುತ್ತಿದ್ದ ಒಂದು ಉಪಾಯವನ್ನು ನೀವೂ ಮಾಡಬಹುದು. ಮಾದರಿಯನ್ನು ಯಾದೃಚ್ಛಿಕವಾಗಿ ಎರಡು ಸ್ವತಂತ್ರ ಭಾಗ ಮಾಡಿ, ಒಂದೊಂದನ್ನು ಬೇರೆ ಬೇರೆ ತಂಡಕ್ಕೆ ಕೊಡಿ. ಎರಡು ತಂಡಗಳ ಅಂದಾಜಿನ ನಡುವೆ ಮಾದರಿಯ ಆಕಸ್ಮಿಕಕ್ಕಿಂತ ದೊಡ್ಡ ಅಂತರ ಕಂಡರೆ ರಕ್ತದ ಹನಿ ತೆಗೆಯುವ ರೀತಿಯಲ್ಲೋ ಉಪಕರಣದಲ್ಲೋ ವ್ಯತ್ಯಾಸವಿದೆ ಎಂದು ಅರ್ಥ. ಬೆರಳಿನ ಹನಿಯಲ್ಲಿ ಇದು ಸಾಕಷ್ಟು ಇರುತ್ತದೆ, ಬೆರಳನ್ನು ಜೋರಾಗಿ ಹಿಂಡಿದರೆ ಸಾಕು, ಓದು ಬದಲಾಗುತ್ತದೆ.

ಉತ್ತರ 3: ಜೈವಿಕ ಅಂಕಿಅಂಶ

ಸರಾಸರಿಯ ಭಾಗವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಅಷ್ಟನ್ನು ಹೇಳುತ್ತೇನೆ. 25 ಮಂದಿ, ಸರಾಸರಿ 11.4, ಮಾನಕ ವಿಚಲನೆ 1.5 ಎಂದರೆ ಮಾನಕ ದೋಷ 1.5 ÷ 5 = 0.3. ವಿಚಲನೆಯನ್ನೂ ಮಾದರಿಯಿಂದಲೇ ಅಂದಾಜು ಮಾಡಿರುವುದರಿಂದ ಟಿ ಬೆಲೆ ಬೇಕು, 24 ಸ್ವಾತಂತ್ರ್ಯಾಂಶಕ್ಕೆ ಅದು 2.064. ಅಂತರ 10.8ರಿಂದ 12.0. ಗಿನ್ನೆಸ್ ಮದ್ಯತಯಾರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಗಾಸೆಟ್ 1908ರಲ್ಲಿ ಸ್ಟೂಡೆಂಟ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ಹಂಚಿಕೆಯೇ ಇದರ ಮೂಲ. ಇಲ್ಲಿ 25 ಮಂದಿಗೆ ವ್ಯತ್ಯಾಸ ಹೆಚ್ಚಿಲ್ಲ, 1.96 ಹಾಕಿದ್ದರೂ 0.62ರ ಬದಲು 0.59 ಬರುತ್ತಿತ್ತು.

ಮುಖ್ಯವಾದ ಎಚ್ಚರಿಕೆ ಬೇರೆ ಇದೆ. ಸರಾಸರಿಯನ್ನು 0.2 ಗ್ರಾಮಿನೊಳಗೆ ಅಂದಾಜು ಮಾಡಬೇಕೆಂದರೆ ಸೂತ್ರ ಕೊಡುವುದು (1.96 × 1.5 ÷ 0.2)ರ ವರ್ಗ, ಅಂದರೆ 217. ಆದರೆ 1.5 ಎಂಬುದೂ 25 ಮಂದಿಯಿಂದ ಬಂದ ಅಂದಾಜೇ. ಹಿಮೋಗ್ಲೋಬಿನ್ ಸುಮಾರಾಗಿ ನಾರ್ಮಲ್ ಹಂಚಿಕೆ ಹೊಂದಿದೆ ಎಂದು ಹಿಡಿದು ಕೈ–ವರ್ಗ ಕೋಷ್ಟಕದಿಂದ ಲೆಕ್ಕ ಮಾಡಿದರೆ, ನಿಜವಾದ ವಿಚಲನೆಯ ಶೇ 95 ಅಂತರ 1.17ರಿಂದ 2.09ರವರೆಗೆ ಹರಡಿದೆ. ಮೊದಲನೆಯದನ್ನು ಸೂತ್ರಕ್ಕೆ ಹಾಕಿದರೆ 132 ಮಂದಿ ಸಾಕು, ಎರಡನೆಯದನ್ನು ಹಾಕಿದರೆ 419ಕ್ಕೂ ಹೆಚ್ಚು ಬೇಕು. ಪೂರ್ವಭಾವಿ ಸಮೀಕ್ಷೆಯ ಒಂದು ಅಂಕಿಯ ಮೇಲೆ 217 ಎಂದು ನಿಖರವಾಗಿ ಬರೆಯುವುದರಲ್ಲಿ ಇಷ್ಟು ಅನಿಶ್ಚಿತತೆ ಅಡಗಿದೆ. ನಿಮ್ಮ ಮಟ್ಟಿಗೆ ಅನುಪಾತಕ್ಕೆಂದು ತೆಗೆಯುವ ಮಾದರಿಯೇ ಸರಾಸರಿಗೂ ಸಾಕಾಗುವ ಸಂಭವ ಹೆಚ್ಚು, ಆದ್ದರಿಂದ ಇದಕ್ಕಾಗಿ ಬೇರೆ ಗಾತ್ರ ಲೆಕ್ಕ ಮಾಡುವ ಅಗತ್ಯವಿಲ್ಲ.

ನಮ್ಮ ವೈದ್ಯಕೀಯ ಪ್ರಬಂಧಗಳಲ್ಲಿ ಅತಿ ಹೆಚ್ಚಾಗಿ ಕಾಣುವ "ನಾಲ್ಕು ಪಿ ಕ್ಯೂ ಭಾಗಿಸು ಎಲ್ ವರ್ಗ" ಎಂಬ ಸೂತ್ರದ ಬಗ್ಗೆಯೂ ಒಂದು ಮಾತು. ಇದು 1.96ನ್ನು 2 ಎಂದು ಮಾಡಿದ ಅದೇ ಸೂತ್ರ: ಪಿ ಎಂದರೆ ಶೇಕಡಾವಾರು ಪ್ರಮಾಣ, ಕ್ಯೂ ಎಂದರೆ ನೂರರಿಂದ ಅದನ್ನು ಕಳೆದು ಉಳಿದದ್ದು, ಎಲ್ ಎಂದರೆ ದೋಷಮಿತಿ. ಗೊಂದಲವಾಗುವುದು ಎಲ್ ಎಂಬಲ್ಲಿ. ಕೆಲವರು ಅದನ್ನು ನೇರವಾಗಿ 5 ಶೇಕಡಾಂಶ ಎಂದು ಹಾಕುತ್ತಾರೆ, ಕೆಲವರು ಪ್ರಮಾಣದ ಶೇ 10 ಎಂದು ಹಾಕುತ್ತಾರೆ. ಪ್ರಮಾಣ 48 ಇದ್ದಾಗ ಎರಡೂ ಹತ್ತಿರ ಹತ್ತಿರ ಬರುತ್ತವೆ, ಎರಡನೆಯದಕ್ಕೆ 434. ಆದರೆ ನೀವು ತೀವ್ರ ರಕ್ತಹೀನತೆಯನ್ನೂ, ಅಂದರೆ 8 ಗ್ರಾಮಿಗಿಂತ ಕಡಿಮೆ ಇರುವವರನ್ನೂ, ಅಂದಾಜು ಮಾಡಹೊರಟು ಅದು ಶೇ 2ರಷ್ಟು ಇರಬಹುದೆಂದು ಊಹಿಸಿದರೆ, ಮೊದಲ ಬಗೆಯಲ್ಲಿ 32 ಮಂದಿ ಸಾಕು ಎಂಬ ಉತ್ತರ ಬರುತ್ತದೆ. ಶೇ 2ಕ್ಕೆ 5 ಕೂಡಿಸು, 5 ಕಳೆ ಎಂದರೆ ಅಂತರ ಸೊನ್ನೆಗಿಂತ ಕೆಳಗಿನಿಂದ ಆರಂಭವಾಗುತ್ತದೆ! ಪ್ರಮಾಣದ ಶೇ 20ರೊಳಗೆ ಎಂದರೆ ಅದೇ ಸೂತ್ರ 4,900 ಮಂದಿ ಎನ್ನುತ್ತದೆ. ವಿರಳ ಸಂಗತಿಗಳಿಗೆ ದೋಷಮಿತಿಯನ್ನು ಯಾವ ಬಗೆಯಲ್ಲಿ ಹೇಳುತ್ತಿದ್ದೇವೆ ಎಂಬುದನ್ನು ಬರೆಯದಿದ್ದರೆ ಗಾತ್ರದ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ವಿರಳ ಸಂಗತಿಗೆ ಅಂತರ ಕಟ್ಟುವ ವಿಧಾನವನ್ನೂ ಬದಲಿಸಿ. ಯಾದೃಚ್ಛಿಕವಾಗಿ ಆರಿಸಿದ 384ರಲ್ಲಿ 6 ಮಂದಿಗೆ ತೀವ್ರ ರಕ್ತಹೀನತೆ ಕಂಡಿತು ಎನ್ನೋಣ. ಪಠ್ಯಪುಸ್ತಕದ ಸಾಮಾನ್ಯ ಸೂತ್ರ ಶೇ 0.3ರಿಂದ 2.8 ಎನ್ನುತ್ತದೆ, ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರ ಶೇ 0.7ರಿಂದ 3.4 ಎನ್ನುತ್ತದೆ. ಇಂತಹ ಕಡೆ ಎರಡನೆಯದೇ ನಂಬಿಕೆಗೆ ಅರ್ಹ, ಏಕೆಂದರೆ ಮೊದಲನೆಯದು ಹೇಳಿಕೊಂಡ ಶೇ 95ನ್ನು ಮುಟ್ಟದೆ ಹೋಗುತ್ತದೆ. 40 ಮಂದಿಯ ಒಂದು ಉಪಗುಂಪಿನಲ್ಲಿ ಒಬ್ಬರೂ ಸಿಗದಿದ್ದರೆ ಸಾಮಾನ್ಯ ಸೂತ್ರ ಸೊನ್ನೆಯಿಂದ ಸೊನ್ನೆ ಎನ್ನುತ್ತದೆ. ಅಲ್ಲಿ ಮೂರನ್ನು ಗಾತ್ರದಿಂದ ಭಾಗಿಸಿ, ಹೆಚ್ಚೆಂದರೆ ಸುಮಾರು ಶೇ 7.5 ಇರಬಹುದು ಎಂದು ಬರೆಯುವುದು ಪ್ರಾಮಾಣಿಕ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಧನ್ಯವಾದಗಳು. 8 ಹಳ್ಳಿಗಳ ಯೋಜನೆಯನ್ನು ಕೈಬಿಟ್ಟೆ. ನನ್ನ ಬಳಿ 500 ಪರೀಕ್ಷಾಪಟ್ಟಿಗಳಿಗೆ ಮಾತ್ರ ಹಣವಿದೆ, 40 ಹಳ್ಳಿಗಳಿಗಿಂತ ಹೆಚ್ಚು ಸುತ್ತಲು ಸಾಧ್ಯವಿಲ್ಲ. ನೂರಕ್ಕೆ 85 ಮಂದಿ ಒಪ್ಪಬಹುದೆಂದು ಪೂರ್ವಭಾವಿ ಸಮೀಕ್ಷೆಯಿಂದ ಅನ್ನಿಸಿದೆ. ಇಷ್ಟರಲ್ಲಿ ಯಾವ ನಿಖರತೆ ಸಿಗುತ್ತದೆ? ನೀರಾವರಿ ಇರುವ ಹಳ್ಳಿಗಳನ್ನು ಮಳೆಯಾಶ್ರಿತ ಹಳ್ಳಿಗಳೊಂದಿಗೆ ಹೋಲಿಸಬೇಕೆಂಬ ಆಸೆಯೂ ಇದೆ.

ಉತ್ತರ 4: ಕ್ಷೇತ್ರ ಸಮೀಕ್ಷಕ

ಕೈಯಲ್ಲಿರುವುದರಿಂದ ಹಿಂದಕ್ಕೆ ಲೆಕ್ಕ ಮಾಡುವುದರಲ್ಲಿ ತಪ್ಪೇನೂ ಇಲ್ಲ, ಬಹುತೇಕ ಸಮೀಕ್ಷೆಗಳು ಹಾಗೆಯೇ ಆಗುತ್ತವೆ, ಪ್ರಬಂಧಗಳಲ್ಲಿ ಮಾತ್ರ ತಿರುಗಿಸಿ ಬರೆಯುತ್ತಾರೆ. 40 ಹಳ್ಳಿಗಳಲ್ಲಿ ತಲಾ 14 ಹೆಸರುಗಳನ್ನು ಆರಿಸಿ. ಶೇ 85ರ ಲೆಕ್ಕದಲ್ಲಿ ಹಳ್ಳಿಗೆ 12 ಮಂದಿ ಸಿಗುತ್ತಾರೆ, ಒಟ್ಟು ಹತ್ತಿರ ಹತ್ತಿರ 480. ಉಳಿದ ಪರೀಕ್ಷಾಪಟ್ಟಿಗಳು ಕೆಟ್ಟುಹೋಗುವುದಕ್ಕೆ ಮೀಸಲು. ಸಹಸಂಬಂಧ 0.05 ಆದರೆ ವಿನ್ಯಾಸ ಪರಿಣಾಮ 1.55, ಪರಿಣಾಮಕಾರಿ ಗಾತ್ರ ಸುಮಾರು 310, ದೋಷಮಿತಿ 5.6 ಶೇಕಡಾಂಶ. ಇದು ಗೌರವಯುತವಾದ ಅಂದಾಜು.

ಸಮೀಕ್ಷೆ ಮುಗಿದ ಮೇಲೆ ಈ ಊಹೆಯ 0.05 ಬೇಕಾಗುವುದಿಲ್ಲ. ಪ್ರತಿ ಹಳ್ಳಿಯ ಶೇಕಡಾವಾರು ಪ್ರಮಾಣವನ್ನು ಬರೆದು, ಆ 40 ಅಂಕಿಗಳ ಮಾನಕ ವಿಚಲನೆಯನ್ನು 40ರ ವರ್ಗಮೂಲದಿಂದ ಭಾಗಿಸಿ. ಹಳ್ಳಿಗಳನ್ನು ಜನಸಂಖ್ಯೆಗೆ ಅನುಗುಣವಾಗಿ ಆರಿಸಿ ಎಲ್ಲ ಕಡೆ ಸುಮಾರು ಒಂದೇ ಸಂಖ್ಯೆಯನ್ನು ನೋಡಿದ್ದರೆ, ಹಳ್ಳಿಯೊಳಗಿನ ಹೋಲಿಕೆಯೂ ಸೇರಿದ ಮಾನಕ ದೋಷ ಅದೇ. ವಿಚಲನೆ 18 ಬಂದರೆ ಮಾನಕ ದೋಷ 2.85, 39 ಸ್ವಾತಂತ್ರ್ಯಾಂಶದ ಟಿ ಬೆಲೆ 2.023ರಿಂದ ಗುಣಿಸಿದರೆ 5.8. ತಂತ್ರಾಂಶದಲ್ಲಿ ಸಮೀಕ್ಷೆಯ ವಿನ್ಯಾಸವನ್ನು ಸೂಚಿಸದೆ ಸಾಮಾನ್ಯ ಆಜ್ಞೆ ಕೊಟ್ಟರೆ ಅದು 480 ಮಂದಿಯನ್ನೂ ಸ್ವತಂತ್ರರೆಂದು ಎಣಿಸಿ 4.5 ಎಂದು ತೋರಿಸುತ್ತದೆ. ನೋಡಿಕೊಳ್ಳಿ.

ಹೋಲಿಕೆಯ ವಿಷಯದಲ್ಲಿ ಆಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ಎರಡೂ ಬಗೆಯ ಹಳ್ಳಿಗಳಿಂದ ಇಪ್ಪತ್ತಿಪ್ಪತ್ತು ತೆಗೆದರೆ ಒಂದೊಂದರ ದೋಷಮಿತಿ ಸುಮಾರು 7.9, ಆದರೆ ಎರಡರ ನಡುವಿನ ವ್ಯತ್ಯಾಸದ ದೋಷಮಿತಿ 11.1. ನಿಜವಾಗಿ 10 ಶೇಕಡಾಂಶದ ವ್ಯತ್ಯಾಸ ಇದ್ದರೂ ನಿಮ್ಮ ಸಮೀಕ್ಷೆ ಅದನ್ನು ಖಚಿತವಾಗಿ ಗುರುತಿಸದೆ ಹೋಗುವ ಸಂಭವವೇ ಹೆಚ್ಚು. ಹಾಗೆಂದು ಎರಡು ಅಂತರಗಳು ಒಂದರ ಮೇಲೊಂದು ಬಿದ್ದ ಮಾತ್ರಕ್ಕೆ ವ್ಯತ್ಯಾಸವಿಲ್ಲ ಎಂದೂ ಬರೆಯಬೇಡಿ. ನೀರಾವರಿ ಹಳ್ಳಿಗಳಲ್ಲಿ 40, ಮಳೆಯಾಶ್ರಿತ ಹಳ್ಳಿಗಳಲ್ಲಿ 54 ಬಂತು ಎನ್ನಿ: ಮೊದಲನೆಯದರ ಅಂತರ 47.9ರಲ್ಲಿ ಮುಗಿಯುತ್ತದೆ, ಎರಡನೆಯದು 46.1ರಿಂದ ಆರಂಭವಾಗುತ್ತದೆ, ಹೀಗೆ ಎರಡೂ ಸ್ವಲ್ಪ ಒಂದರೊಳಗೊಂದು ಸೇರಿಕೊಂಡಿವೆ, ಆದರೂ ವ್ಯತ್ಯಾಸದ ಅಂತರ 2.9ರಿಂದ 25.1, ಅದರಲ್ಲಿ ಸೊನ್ನೆ ಇಲ್ಲ. ಹೋಲಿಸಬೇಕಾದಾಗ ವ್ಯತ್ಯಾಸಕ್ಕೇ ಅಂತರ ಕಟ್ಟಿ. ಇನ್ನೊಂದು ವಿಷಯ, ತಾಲ್ಲೂಕಿನ ಮಹಿಳೆಯರಲ್ಲಿ ಮುಕ್ಕಾಲು ಪಾಲು ಮಳೆಯಾಶ್ರಿತ ಹಳ್ಳಿಗಳಲ್ಲಿದ್ದರೆ, ಸಮಸಮ ಹಳ್ಳಿ ತೆಗೆದ ಮೇಲೆ ಇಡೀ ತಾಲ್ಲೂಕಿನ ಅಂದಾಜಿಗೆ ಮುಕ್ಕಾಲು ಮತ್ತು ಕಾಲು ಎಂದು ತೂಕ ಕೊಡಬೇಕು. ಆಗ ತಾಲ್ಲೂಕಿನ ದೋಷಮಿತಿ 5.6ಕ್ಕಿಂತ ಸ್ವಲ್ಪ ಏರುತ್ತದೆ. ತಾಲ್ಲೂಕಿನ ಅಂದಾಜು ಮುಖ್ಯವೋ ಹೋಲಿಕೆ ಮುಖ್ಯವೋ ಎಂಬುದನ್ನು ಹಳ್ಳಿ ಆರಿಸುವ ಮೊದಲೇ ನಿರ್ಧರಿಸಿ, ಪ್ರಬಂಧದ ವಿಧಾನ ಅಧ್ಯಾಯದಲ್ಲಿ ಆ ನಿರ್ಧಾರವನ್ನೂ, 0.05 ಮತ್ತು ಶೇ 85 ಎಂಬ ಎರಡು ಊಹೆಗಳನ್ನೂ ಬರೆಯಿರಿ.